ಕಂಬಳಿಯ ಹಿಂದಿನ ಕುರಿ

ದೆಹಲಿಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಚಳಿಗಾಲದ ಹೊದಿಕೆಯೆಂದರೆ ಪಾಣಿಪತ್. ರಾಜಧಾನಿಯ ಉತ್ತರಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿರುವ ಈ ಊರನ್ನು ನಾವು ಶಾಲೆಯಲ್ಲಿ ಅರಿತದ್ದು 1526, 1556 ಮತ್ತು 1761ರ ಯುದ್ಧಗಳಿಂದ. ದೇಶವಿಭಜನೆಯ ಅನಂತರ ಅದರ ಚರಿತ್ರೆ ಮಗ್ಗದ ಚರಿತ್ರೆಯಾಯಿತು. ಅಲ್ಲಿನ ಮುಸ್ಲಿಂ ನೇಕಾರರಲ್ಲಿ ಅನೇಕರು ಪಾಕಿಸ್ತಾನಕ್ಕೆ ತೆರಳಿದರು. ಅತ್ತಣಿಂದ ಬಂದ ನಿರಾಶ್ರಿತರು ಆ ಕಸುಬನ್ನು ಮುಂದುವರಿಸಿದರು.

ಮುಂದೆ ಪಾಣಿಪತ್ತಿಗೆ ಹೊಸದೊಂದು ಉಣ್ಣೆ ದೊರೆಯಿತು: ಪಾಶ್ಚಾತ್ಯರು ಉಟ್ಟು ಬಿಟ್ಟ ಕೋಟು, ಸ್ವೆಟರುಗಳು. ಅವುಗಳ ಗುಂಡಿ, ಜಿಪ್ಪುಗಳನ್ನು ಕಿತ್ತು, ಬಣ್ಣಕ್ಕೊಂದು ರಾಶಿ ಮಾಡಿ, ಯಂತ್ರದಲ್ಲಿ ಚಿಂದಿಯಾಗಿಸಿ ಮರಳಿ ನೂಲುತ್ತಾರೆ. ಬಣ್ಣವನ್ನು ಮೊದಲೇ ಬೇರ್ಪಡಿಸುವುದರಿಂದ ಹೊಸದಾಗಿ ಬಣ್ಣ ಹಾಕುವ ಖರ್ಚು ಉಳಿಯುತ್ತದೆ. ‘ಶಾಡಿ’ ಎಂಬ ಈ ವಿದ್ಯೆ 1813ರ ಸುಮಾರಿಗೆ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಬ್ಯಾಟ್ಲಿಯಲ್ಲಿ ಹುಟ್ಟಿತು. ಹರಿದ ಉಣ್ಣೆಯ ಎಳೆ ಗಿಡ್ಡ, ಆದ್ದರಿಂದ ಕೃತಕ ನೂಲಿನ ಬೆರಕೆ ಅನಿವಾರ್ಯ. ಆದರೂ ಭೂಕಂಪ, ಪ್ರವಾಹ, ಯುದ್ಧಗಳಲ್ಲಿ ಮನೆಮಾರು ಕಳೆದುಕೊಂಡ ಅಸಂಖ್ಯ ಜನರನ್ನು ಬೆಚ್ಚಗಿಟ್ಟದ್ದು ಈ ಅಗ್ಗದ ಹೊದಿಕೆಯೇ.

ನಮ್ಮ ನಾಡಿನ ಕಂಬಳಿಯ ದಾರಿ ಬೇರೆ. ಚಳ್ಳಕೆರೆ, ರಾಣೆಬೆನ್ನೂರು ಕಡೆಯ ಕುರುಬರ ಕಂಬಳಿಗೆ ದಖ್ಖನಿ ಕುರಿಯ ಒರಟಾದ ಕರಿ ಉಣ್ಣೆಯೇ ಬೇಕು. ವರ್ಷಕ್ಕೆ ಎರಡು ಬಾರಿ ಕತ್ತರಿಸಿದ ಉಣ್ಣೆಯನ್ನು ಹಿಂಜಿ ಹೆಂಗಸರು ನೂಲುತ್ತಾರೆ. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಬಳಿದು, ಒಣಗಿಸಿ, ಗಂಡಸರು ಗುಂಡಿಮಗ್ಗದಲ್ಲಿ ನೇಯುತ್ತಾರೆ. ಕುರಿಯದೇ ಬಣ್ಣ ಕಂಬಳಿಯ ಬಣ್ಣ. ಮಳೆಯಲ್ಲಿ ಅದು ಕೊಪ್ಪೆ, ರಾತ್ರಿ ಹಾಸಿಗೆ, ಮದುವೆಯಲ್ಲಿ ಗದ್ದುಗೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕುರುಬರ ಈ ನೇಯ್ಗೆಯನ್ನು ದಾಖಲಿಸಿದ್ದಾನೆ.

ಗಿರಣಿಯ ಹೊದಿಕೆ ಹಳ್ಳಿಯ ಸಂತೆಗೂ ಬಂದಾಗ ನೇಕಾರನ ಗಿರಾಕಿ ಕಡಿಮೆಯಾದ ಎಂಬುದು ಎಲ್ಲರಿಗೂ ಕಾಣುವ ಮಾತು. ಕಾಣದಿರುವುದು ಕುರಿಗೆ ಒದಗಿದ ಗತಿ. ಉಣ್ಣೆಗೆ ಬೆಲೆಯಿಲ್ಲದೆ ಕತ್ತರಿಸುವ ಕೂಲಿಯೂ ಹುಟ್ಟದಾದಾಗ, ಕುರಿಗಾರರು ಮಾಂಸಕ್ಕೆ ಒದಗುವ, ಉಣ್ಣೆಯಿಲ್ಲದ ತಳಿಗಳತ್ತ ಹೊರಳಿದರು. ಮಗ್ಗ ನಿಂತರೆ ಮತ್ತೊಂದು ತಲೆಮಾರು ಅದನ್ನು ಹೂಡಬಹುದು. ಬರಗಾಲದ ಬಯಲಿನಲ್ಲಿ ಮೇದು, ನೂರಾರು ಮೈಲಿ ನಡೆದು, ತಲೆತಲಾಂತರದಿಂದ ಆಯ್ದು ಬೆಳೆಸಿದ ತಳಿ ಕಲಸಿಹೋದರೆ ಅದನ್ನು ಯಾವ ಕೈಮಗ್ಗ ನಿಗಮವೂ ಮರಳಿ ನೇಯಲಾರದು.

ಪಾಣಿಪತ್ತಿಗೂ ಅದೇ ಕಾಲ ಬಂದಿದೆ. ಪಾಲಿಯೆಸ್ಟರಿನ ನುಣುಪಾದ ಹೊದಿಕೆ ಶಾಡಿಯನ್ನು ಹಿಂದೆ ತಳ್ಳಿದೆ. ಅಲ್ಲಿನ ಗಿರಣಿಗಳೂ ಅದನ್ನೇ ತಯಾರಿಸುತ್ತಿವೆ. ಕಂಬಳಿಯಲ್ಲಿ ಕುರಿ ಕಾಣುತ್ತಿತ್ತು. ಶಾಡಿಯಲ್ಲಿ ಯಾರೋ ಉಟ್ಟ ಕೋಟಿನ ರೂಪದಲ್ಲಾದರೂ ಅದು ಉಳಿದಿತ್ತು. ಪಾಲಿಯೆಸ್ಟರಿನಲ್ಲಿ ಕುರಿಯೂ ಇಲ್ಲ, ಕುರಿಗಾರನೂ ಇಲ್ಲ. ಕರಕುಶಲ ಮೇಳದಲ್ಲಿ ಕಂಬಳಿಯ ನೇಯ್ಗೆಯನ್ನು ಮೆಚ್ಚುವ ನಾವು, ಅದರ ಉಣ್ಣೆ ಯಾವ ಹಟ್ಟಿಯದು ಎಂದೂ ಕೇಳಬೇಕು. ಕಂಬಳಿಯ ಉಳಿವು ಮಗ್ಗದ ಮನೆಗಿಂತ ಮೊದಲು ಕುರಿಹಟ್ಟಿಯಲ್ಲಿ ನಿರ್ಧಾರವಾಗುತ್ತದೆ.