ಹಳೆಯ ಫೋರ್‌ವೀಲ್ ಡ್ರೈವ್ ವಾಹನದಲ್ಲಿ ದಿಢೀರ್ ಕಂಪನ: ಕಾರಣವನ್ನು ಗುರುತಿಸುವ ಬಗೆ

ಇಪ್ಪತ್ತೈದು ಮೂವತ್ತು ವರ್ಷ ಓಡಿದ ಫೋರ್‌ವೀಲ್ ಡ್ರೈವ್ ವಾಹನವು ಎಂದೂ ಪೂರ್ತಿ ನಿಶ್ಶಬ್ದವಾಗಿರುವುದಿಲ್ಲ. ಬಾಗಿಲಿನ ರಬ್ಬರು ಸವೆದು ಗಾಳಿ ಸಿಳ್ಳೆ ಹಾಕುತ್ತದೆ, ಗೇರ್‌ಬಾಕ್ಸ್ ಸಣ್ಣಗೆ ನರಳುತ್ತದೆ, ಡ್ಯಾಶ್‌ಬೋರ್ಡ್ ಗಿಲಗಿಲ ಎನ್ನುತ್ತದೆ. ಇವೆಲ್ಲ ಮಾಲೀಕನ ಕಿವಿಗೆ ರೂಢಿಯಾಗಿರುತ್ತವೆ. ಹೀಗಿರುವಾಗ ನಿನ್ನೆಯವರೆಗೆ ಇಲ್ಲದ ಕಂಪನವೊಂದು ಇಂದು ತಲೆದೋರಿದರೆ ನಮ್ಮಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ತಪ್ಪು ಮಾಡುತ್ತೇವೆ: ‘ಹಳೆಯ ಗಾಡಿಯಲ್ಲವೇ’ ಎಂದು ಸುಮ್ಮನಾಗುವುದು, ಇಲ್ಲವೇ ನೇರವಾಗಿ ಟೈರ್ ಅಂಗಡಿಗೆ ಹೋಗಿ ವೀಲ್ ಬ್ಯಾಲೆನ್ಸಿಂಗ್ ಮಾಡಿಸುವುದು. ನಾನು ಒಂದೇ ವಾರದಲ್ಲಿ ಎರಡನ್ನೂ ಮಾಡಿದ್ದೇನೆ. ವೃತ್ತಿಯಿಂದ ವೈದ್ಯನಾದ ನಾನು ರೋಗಿಯ ವಿಷಯದಲ್ಲಿ ಹಾಗೆ ನಡೆದುಕೊಂಡಿದ್ದರೆ ಯಾರೂ ಕ್ಷಮಿಸುತ್ತಿರಲಿಲ್ಲ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಕಂಪನವು ಕ್ರಮೇಣ ಬಂದದ್ದೋ ದಿಢೀರನೆ ಬಂದದ್ದೋ ಎಂಬುದು. ತಿಂಗಳುಗಟ್ಟಲೆ ಹೆಚ್ಚುತ್ತ ಬಂದಿದ್ದರೆ ಅದು ಸಾಮಾನ್ಯವಾಗಿ ಸವೆತ: ರಬ್ಬರ್ ಬುಷ್‌ಗಳು, ಶಾಕ್ ಅಬ್ಸಾರ್ಬರ್, ಒಂದೇ ಬದಿಗೆ ಸವೆದ ಟೈರ್. ದಿಢೀರನೆ ಬಂದಿದ್ದರೆ ಏನೋ ಒಂದು ಕಳಚಿದೆ, ಅಂಟಿದೆ, ಮುರಿದಿದೆ, ಸಡಿಲವಾಗಿದೆ ಅಥವಾ ತಪ್ಪಾಗಿ ಜೋಡಣೆಯಾಗಿದೆ. ಆದಕಾರಣ ಹಿಂದಿನ ಹದಿನೈದು ದಿನಗಳ ಚರಿತ್ರೆಯನ್ನು ನೆನಪಿಸಿಕೊಳ್ಳಬೇಕು. ಚಕ್ರ ಬಿಚ್ಚಿ ಹಾಕಿದ್ದುಂಟೇ? ಕೆಸರಿನಲ್ಲಿ ಅಥವಾ ಹೊಳೆಯಲ್ಲಿ ಇಳಿದದ್ದುಂಟೇ? ಸರ್ವಿಸ್ ಆಯಿತೇ? ಸಸ್ಪೆನ್ಷನ್ ಎತ್ತರಿಸಿದ್ದುಂಟೇ? ವಾಹನ ತಿಂಗಳುಗಟ್ಟಲೆ ನಿಂತಲ್ಲೇ ನಿಂತಿತ್ತೇ? ಅರ್ಧ ರೋಗನಿರ್ಣಯ ಇಲ್ಲಿಯೇ ಆಗಿಬಿಡುತ್ತದೆ.

ಮೊದಲು ನಿಲ್ಲಿಸಿ ನೋಡಬೇಕಾದದ್ದು

ಕಾರಣವೇನೆಂದು ಯೋಚಿಸುವ ಮುನ್ನ, ಪ್ರಾಣಕ್ಕೆ ಅಪಾಯ ತರಬಲ್ಲ ಕಾರಣಗಳನ್ನು ತಳ್ಳಿಹಾಕಬೇಕು. ರಸ್ತೆಯಿಂದ ಸಾಕಷ್ಟು ಬದಿಗೆ ಸರಿಸಿ ನಿಲ್ಲಿಸಿ ಚಕ್ರದ ನಟ್ಟುಗಳನ್ನು ಒಂದೊಂದಾಗಿ ಸ್ಪ್ಯಾನರ್‌ನಿಂದ ಪರೀಕ್ಷಿಸಿ. ನಟ್ಟಿನ ಸುತ್ತ ತುಕ್ಕಿನ ಗೆರೆ ಅಥವಾ ಉಜ್ಜಿದ ಹೊಳಪು ಕಂಡರೆ ಅದು ಸಡಿಲವಾಗಿ ಓಡಿದೆ ಎಂದೇ ತಿಳಿಯಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಮತ್ತೊಮ್ಮೆ ಬಿಗಿ ನೋಡಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ.

ಅನಂತರ ಟೈರ್. ಕಚ್ಚಾ ರಸ್ತೆಗೆಂದು ಗಾಳಿ ಇಳಿಸಿ, ಡಾಂಬರು ರಸ್ತೆಗೆ ಬಂದ ಮೇಲೂ ತುಂಬಿಸದೆ ವೇಗವಾಗಿ ಓಡಿಸಿದರೆ ಟೈರ್ ವಿಪರೀತ ಬಿಸಿಯಾಗಿ ಒಳಗಿನ ಉಕ್ಕಿನ ಪದರ ರಬ್ಬರಿನಿಂದ ಬೇರ್ಪಡಬಹುದು. ಆಗ ಮೇಲ್ಮೈಯಲ್ಲಿ ಒಂದು ಉಬ್ಬು ಏಳುತ್ತದೆ. ನಿಧಾನ ವೇಗದಲ್ಲಿಯೂ ವಾಹನ ಕುಂಟಿದಂತೆ ಅನ್ನಿಸುತ್ತದೆ. ಅಂಥ ಟೈರ್ ಯಾವ ಕ್ಷಣದಲ್ಲಾದರೂ ಸಿಡಿಯಬಹುದಾದ್ದರಿಂದ ಅದರಲ್ಲಿ ಮುಂದಿನ ಊರಿನವರೆಗೆ ಹೋಗೋಣವೆಂಬ ಮಾತೇ ಬೇಡ. ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳು ಅದರ ವಯಸ್ಸನ್ನು ಹೇಳುತ್ತವೆ: 2314 ಎಂದಿದ್ದರೆ 2014ರ 23ನೆಯ ವಾರದಲ್ಲಿ ತಯಾರಾದದ್ದು. ಸ್ಪೇರ್ ಟೈರಿನ ವಯಸ್ಸನ್ನು ನೋಡುವವರು ಕಡಿಮೆ. ನೋಡಿದರೆ ಗಾಬರಿಯಾಗುವವರೇ ಹೆಚ್ಚು.

ಮೂರನೆಯದು ಶಾಖ. ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರ ಅಂಗೈಯ ಹಿಂಬದಿಯನ್ನು ಮುಟ್ಟಿಸದೆ ಹಿಡಿದು ನೋಡಿ. ಒಂದು ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹಾಳಾಗುತ್ತಿದೆ.

ಇವು ಮೂರೂ ಸರಿಯಿದ್ದರೆ ರಿಮ್ಮಿನ ಒಳಬದಿಗೆ ಬಗ್ಗಿ ನೋಡಿ. ಬ್ಯಾಲೆನ್ಸಿಂಗ್‌ಗೆ ಹಾಕುವ ತೂಕಗಳು ಹೆಚ್ಚಾಗಿ ಕೆಲವೇ ಹತ್ತು ಗ್ರಾಂಗಳು. ಒಣಗಿ ಅಂಟಿದ ಕೆಸರು ನೂರಾರು ಗ್ರಾಂ ಇರಬಹುದು.

ಯಾವುದು ಎಷ್ಟು ಸಲ ತಿರುಗುತ್ತದೆ

ವಾಹನದಲ್ಲಿ ತಿರುಗುವ ಭಾಗಗಳು ಮೂರು ಬೇರೆ ಬೇರೆ ವೇಗಗಳಲ್ಲಿ ತಿರುಗುತ್ತವೆ, ಕಂಪನದ ಲಯವೇ ಅಪರಾಧಿಯನ್ನು ತೋರಿಸುತ್ತದೆ. ನನ್ನ ವಾಹನ 1996ರದು, ಆರು ಸಿಲಿಂಡರಿನ ಡೀಸೆಲ್. ಟೈರಿನ ವ್ಯಾಸ ಸುಮಾರು 79 ಸೆಂ.ಮೀ.; ಒಂದು ಸುತ್ತಿಗೆ ಸುಮಾರು 2.45 ಮೀಟರ್ ಸಾಗುತ್ತದೆ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಅಂದರೆ ಚಕ್ರವು ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆ. ಡಿಫರೆನ್ಷಿಯಲ್ ಅನುಪಾತ 4.1 ಇರುವುದರಿಂದ ಪ್ರೊಪೆಲ್ಲರ್ ಶಾಫ್ಟ್ ಸುಮಾರು 42 ಸುತ್ತು ತಿರುಗುತ್ತದೆ. ಎಂಜಿನ್ನಿನ ವೇಗ ಯಾವ ಗೇರ್ ಎಂಬುದರ ಮೇಲೆ ನಿಂತಿದೆ.

ಸೆಕೆಂಡಿಗೆ 10 ಸಲದ ಅದುರು ಸ್ಟೀರಿಂಗ್‌ನಲ್ಲಿ ಅಥವಾ ಸೀಟಿನಲ್ಲಿ ಬಡಿತವಾಗಿ ಗೊತ್ತಾಗುತ್ತದೆ. ಮುಂದಿನ ಚಕ್ರದ್ದು ಹೆಚ್ಚಾಗಿ ಕೈಗೆ, ಹಿಂದಿನದು ಬೆನ್ನಿಗೆ. 42 ಸಲದ್ದು ಬಡಿತವಾಗಿ ತಿಳಿಯುವುದಿಲ್ಲ. ನೆಲದ ತಗಡಿನಿಂದ ಏಳುವ ಗುಂಯ್ ಎಂಬ ಗುನುಗಾಗಿ, ಪಾದಕ್ಕೆ ಜುಮ್ಮೆನ್ನುವ ಸ್ಪರ್ಶವಾಗಿ ತಿಳಿಯುತ್ತದೆ. ನರಗಳ ಪರೀಕ್ಷೆಗೆ ನಾವು ಪಾದದ ಹರಡಿನ ಮೂಳೆಯ ಮೇಲಿಡುವ ಶ್ರುತಿಕವಲು ಸೆಕೆಂಡಿಗೆ 128 ಸಲ ಅದುರುತ್ತದೆ. ಅದನ್ನು ಬಲ್ಲವರಿಗೆ ಈ ವ್ಯತ್ಯಾಸ ಸುಲಭವಾಗಿ ಹಿಡಿತಕ್ಕೆ ಬರುತ್ತದೆ. ಮೊಬೈಲ್ ಫೋನಿನಲ್ಲಿ ಕಂಪನ ಅಳೆಯುವ ಆ್ಯಪ್‌ಗಳೂ ಇವೆ. ಫೋನನ್ನು ನೆಲಕ್ಕೆ ಬಿಗಿಯಾಗಿ ಅಂಟಿಸಿ, ಪಕ್ಕದವರು ನೋಡಬೇಕು. ಆದರೆ ಸೆಕೆಂಡಿಗೆ 100 ಸಲ ಅಳೆಯುವ ಸಾಧನವು 50ಕ್ಕಿಂತ ಹೆಚ್ಚಿನ ಕಂಪನವನ್ನು ಸರಿಯಾಗಿ ತೋರಿಸಲಾರದು ಎಂಬುದು ನೆನಪಿರಲಿ.

ಯಂತ್ರವಿಲ್ಲದೆಯೂ ಪರೀಕ್ಷಿಸಬಹುದು. ಕಂಪನ ಬರುವ ವೇಗದಲ್ಲಿ ಒಂದು ಗೇರ್ ಇಳಿಸಿ ಅದೇ ವೇಗದಲ್ಲಿ ಸಾಗಿ. ಕಂಪನದ ಲಯ ಬದಲಾದರೆ ಎಂಜಿನ್, ಕ್ಲಚ್ ಅಥವಾ ಎಂಜಿನ್ ಮೌಂಟಿಂಗ್ ಕಡೆ ನೋಡಬೇಕು. ಬದಲಾಗದಿದ್ದರೆ ಶಾಫ್ಟ್ ಅಥವಾ ಚಕ್ರ. ಬಳಿಕ ಖಾಲಿ ರಸ್ತೆಯಲ್ಲಿ ನ್ಯೂಟ್ರಲ್‌ಗೆ ಹಾಕಿ ತೇಲಿಸಿ ನೋಡಿ. ಕೀಲಿಯನ್ನು ಮಾತ್ರ ಆರಿಸಕೂಡದು. ಆರಿಸಿದರೆ ಬ್ರೇಕಿಗೂ ಸ್ಟೀರಿಂಗ್‌ಗೂ ಸಿಗುವ ನೆರವು ತಪ್ಪುತ್ತದೆ. ಆ್ಯಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಆಗುವ ಕಂಪನ ಚಕ್ರದ ಅಸಮತೋಲದ್ದಲ್ಲ. ಅದು ಬಲವನ್ನು ಸಾಗಿಸುವ ಕೀಲುಗಳದು.

ಬೇಕೆಂದಾಗ ಮಾತ್ರ ನಾಲ್ಕು ಚಕ್ರಕ್ಕೆ ಬಲ ಹರಿಸುವ, ಮುಂದೆ ಫ್ರೀವೀಲಿಂಗ್ ಹಬ್ ಇರುವ ವಾಹನಗಳಲ್ಲಿ ಇನ್ನೊಂದು ಸುಲಭ ಪರೀಕ್ಷೆಯಿದೆ. ಟೂವೀಲ್ ಡ್ರೈವ್‌ನಲ್ಲಿ ಓಡುವಾಗ ಹಬ್‌ಗಳನ್ನು ಲಾಕ್ ಮಾಡಿದ್ದರೆ ಮುಂದಿನ ಶಾಫ್ಟ್ ಚಕ್ರಗಳೊಂದಿಗೆ ತಿರುಗುತ್ತದೆ. ಬಿಡಿಸಿದ್ದರೆ ಬಹುಮಟ್ಟಿಗೆ ನಿಂತಿರುತ್ತದೆ. ಬಿಡಿಸಿದಾಗ ಕಂಪನ ಹೋದರೆ ದೋಷ ಮುಂದಿನ ಶಾಫ್ಟ್ ಕಡೆಯದು.

ಕಾರ್ಡಾನೋ ಹೆಸರಿನ ಕೀಲು

ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಗಳಲ್ಲಿರುವ ಯೂನಿವರ್ಸಲ್ ಜಾಯಿಂಟ್‌ಗೆ ಯುರೋಪಿನಲ್ಲಿ ಕಾರ್ಡಾನ್ ಕೀಲು ಎಂಬ ಹೆಸರೂ ಇದೆ. ಹದಿನಾರನೆಯ ಶತಮಾನದ ಇಟಲಿಯ ಜೆರೊಲಾಮೊ ಕಾರ್ಡಾನೋ (1501–1576) ಗಣಿತಜ್ಞನೆಂದು ಪ್ರಸಿದ್ಧನಾದರೂ ವೃತ್ತಿಯಿಂದ ವೈದ್ಯ, ಪಾವಿಯಾದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು. ಮಲೆನಾಡಿನ ಕಾಫಿ ತೋಟಗಳ ಜೀಪುಗಳನ್ನು ದುರಸ್ತಿ ಮಾಡುವವರು ಇದೇ ಕೀಲನ್ನು ‘ಕ್ರಾಸ್’ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಇದು ಕೂಡು ಗುರುತಿನಂಥ ಒಂದು ಉಕ್ಕಿನ ತುಂಡು. ನಾಲ್ಕು ತುದಿಗಳಿಗೂ ಸಣ್ಣ ಬಟ್ಟಲು, ಬಟ್ಟಲಿನೊಳಗೆ ಸೂಜಿಯಂಥ ರೋಲರ್‌ಗಳು. ಶಾಫ್ಟ್ ಓರೆಯಾಗಿದ್ದಾಗ ಒಂದು ಕ್ರಾಸ್ ಬಲವನ್ನು ಏಕರೀತಿಯಲ್ಲಿ ಸಾಗಿಸದು. 10 ಡಿಗ್ರಿ ಓರೆಯಿದ್ದರೆ ಆಚೆಯ ಶಾಫ್ಟಿನ ವೇಗವು ಪ್ರತಿ ಸುತ್ತಿಗೆ ಎರಡು ಸಲ ಸುಮಾರು ಶೇ. 1.5ರಷ್ಟು ಏರಿ ಇಳಿಯುತ್ತದೆ. ಇನ್ನೊಂದು ತುದಿಯ ಕ್ರಾಸ್ ಅಷ್ಟೇ ಓರೆಯಲ್ಲಿದ್ದು, ಎರಡರ ಕವಲುಗಳೂ ಒಂದೇ ನೇರದಲ್ಲಿದ್ದರೆ ಈ ಏರಿಳಿತ ಪರಸ್ಪರ ವಜಾ ಆಗುತ್ತದೆ. ಸಸ್ಪೆನ್ಷನ್ ಎತ್ತರಿಸಿದಾಗ ಓರೆಗಳು ಸಮವಾಗಿ ಉಳಿಯದೆ ಹೋಗಬಹುದು. ಶಾಫ್ಟ್ ಬಿಚ್ಚಿ ಸೇರಿಸುವಾಗ ಜಾರುವ ಹಲ್ಲುಗಳ ಜೋಡಣೆ ತಪ್ಪಿದರೆ ಕವಲುಗಳ ನೇರ ಕೆಡುತ್ತದೆ. ಸರ್ವಿಸ್ ಮುಗಿಸಿ ಬಂದ ದಿನವೇ ಕಂಪನ ಶುರುವಾದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ನನ್ನ ವಾಹನದಲ್ಲಿ ಆದದ್ದು ಬೇರೆ. ದಕ್ಷಿಣ ಆಸ್ಟ್ರೇಲಿಯಾದ ಊಡ್ನಡಾಟಾ ಟ್ರ್ಯಾಕ್ ಮಾರೀಯಿಂದ ಮಾರ್ಲಾವರೆಗೆ ಆರು ನೂರಕ್ಕೂ ಹೆಚ್ಚು ಕಿ.ಮೀ. ಕಚ್ಚಾ ರಸ್ತೆ, ಬಹುಭಾಗ ತಗಡಿನ ಅಲೆಗಳಂತೆ ಏರಿಳಿದಿರುತ್ತದೆ. ಹಿಂದಿನ ವಾರದ ಮಳೆಯ ಕೆಸರೂ ಇತ್ತು. ಮಾರ್ಲಾದಲ್ಲಿ ಡಾಂಬರಿನ ಹೆದ್ದಾರಿಗೆ ಬಂದು ವೇಗ ಏರಿಸಿದೊಡನೆ ವಾಹನ ನಡುಗತೊಡಗಿತು. ನಿಲ್ಲಿಸಿ ನೋಡಿದೆ, ಹಿಂದಿನ ಎರಡು ರಿಮ್ಮುಗಳಲ್ಲಿ ಕೆಸರು. ಕೆರೆದು ತೆಗೆದೆ, ನಡುಕ ಹೋಯಿತು. ಮುಂದಿನ ಊರು ಕೂಬರ್ ಪೆಡಿಗೆ ಸುಮಾರು 230 ಕಿ.ಮೀ. ಸ್ವಲ್ಪ ದೂರ ಹೋದ ಮೇಲೆ ನನ್ನ ಹೆಂಡತಿ, “ರೀ, ನಡುಕ ಹೋಯಿತು ಸರಿ, ಆದರೆ ಕಾಲ ಕೆಳಗೆ ಗುಂಯ್ ಅನ್ನೋದು ಹೋಗಿಲ್ಲ. ನೀವು ಕಾಲು ತೆಗೆದಾಗ ಬದಲಾಗುತ್ತೆ” ಎಂದಳು. ನಾನು, ಉಳಿದ ಕೆಸರಿರಬೇಕು ಎಂದೆ. ಅಡಿಲೇಡಿಗೆ ಮರಳಿ ಟೈರ್ ಅಂಗಡಿಯೊಂದರಲ್ಲಿ ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ. ಟೈರುಗಳನ್ನೇ ಬದಲಿಸಿ ಎಂದರು. ಹಿಂದಿನ ಎರಡನ್ನು ಬದಲಿಸಿದೆ. ಗುಂಯ್ ಸದ್ದು ಉಳಿಯಿತು.

ಕೊನೆಗೆ ನೆಲದ ಮೇಲೆ ಮಲಗಿ ಹಿಂದಿನ ಶಾಫ್ಟನ್ನು ನೋಡಿದಾಗ ಕ್ರಾಸಿನ ಒಂದು ಬಟ್ಟಲಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡಿತು. ಗ್ರೀಸ್ ಒಣಗಿ ಸೂಜಿಗಳು ಪುಡಿಯಾದುದರ ಗುರುತು ಅದು. ಚಕ್ರಗಳಿಗೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕ್ರಾಸಿನ ಎರಡು ಬದಿಗಳನ್ನು ವಿರುದ್ಧ ದಿಕ್ಕಿಗೆ ತಿರುಚಿದರೆ ಕೈಗೇ ಸಿಗುವಷ್ಟು ಆಟವಿತ್ತು. ಅದು ಓಡುವಾಗ ಮುರಿದಿದ್ದರೆ ಶಾಫ್ಟ್ ಕಳಚಿ ಇಂಧನದ ಕೊಳವೆಗಳನ್ನೂ ಬ್ರೇಕಿನ ಕೊಳವೆಗಳನ್ನೂ ಬಡಿಯಬಹುದಾಗಿತ್ತು. ಎಲ್ಲ ಲಕ್ಷಣಗಳಿಗೂ ಒಂದೇ ಕಾರಣ ಹುಡುಕಿ ಎಂದು ವೈದ್ಯ ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಆದರೆ ವೃದ್ಧ ರೋಗಿಗಳಲ್ಲಿ ಎರಡು ರೋಗಗಳು ಜೊತೆಯಾಗಿಯೇ ಇರುತ್ತವೆ. ಕೆಸರು ನಿಜವಾದ ಕಾರಣವೇ ಆಗಿತ್ತು, ಹತ್ತರ ಬಡಿತಕ್ಕೆ. ನಲವತ್ತೆರಡರ ಗುನುಗಿಗೆ ಅದು ಕಾರಣವಾಗಿರಲಿಲ್ಲ.

ಸ್ಟೀರಿಂಗ್ ಹುಚ್ಚೆದ್ದಂತೆ ಆಡಿದಾಗ

ಮುಂದೆ ಗಟ್ಟಿ ಆ್ಯಕ್ಸಲ್ ಇರುವ ವಾಹನಗಳಲ್ಲಿ, ಒಂದು ಗುಂಡಿಗೆ ಚಕ್ರ ಬಿದ್ದೊಡನೆ ಸ್ಟೀರಿಂಗ್ ಎಡಬಲಕ್ಕೆ ರಭಸವಾಗಿ ಹೊಡೆದುಕೊಳ್ಳುವುದುಂಟು. ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು, ಬ್ರೇಕನ್ನು ಜೋರಾಗಿ ಒತ್ತದೆ ವೇಗ ಇಳಿಸಬೇಕು. ಕಿಂಗ್‌ಪಿನ್ ಬೇರಿಂಗ್, ಆ್ಯಕ್ಸಲನ್ನು ಅಡ್ಡಲಾಗಿ ಹಿಡಿದಿರುವ ಸರಳಿನ ಬುಷ್, ಟೈ ರಾಡ್ ತುದಿ, ಇವುಗಳಲ್ಲಿ ಒಂದರ ಸಡಿಲ ಇದಕ್ಕೆ ಮೂಲ. ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ನಿಲ್ಲುತ್ತದೆ ನಿಜ, ಸೋಂಕಿಗೆ ಜ್ವರದ ಮಾತ್ರೆ ಕೊಟ್ಟಂತೆ. ಎಂಜಿನ್ ಚಾಲೂ ಇರುವಾಗ ಒಬ್ಬರು ನಿಂತ ವಾಹನದ ಸ್ಟೀರಿಂಗನ್ನು ಸ್ವಲ್ಪವೇ ಎಡಬಲಕ್ಕೆ ಆಡಿಸುತ್ತಿರಲು, ಇನ್ನೊಬ್ಬರು ಬದಿಯಿಂದ ಬಗ್ಗಿ ಒಂದೊಂದು ಕೀಲನ್ನೂ ನೋಡಿದರೆ ಸಡಿಲ ಕಣ್ಣಿಗೇ ಕಾಣುತ್ತದೆ.

ಕ್ರಾಸ್ ಬದಲಿಸುವವರಿಗೆ ಎರಡು ಸೂಚನೆಗಳು. ಶಾಫ್ಟ್ ಬಿಚ್ಚುವ ಮುನ್ನ ಎರಡೂ ತುದಿಯ ಫ್ಲ್ಯಾಂಜ್‌ಗಳ ಮೇಲೂ ಜಾರುವ ಭಾಗದ ಎರಡು ಬದಿಗಳ ಮೇಲೂ ಬಿಳಿ ಬಣ್ಣದ ಗೆರೆ ಎಳೆದು, ಸೇರಿಸುವಾಗ ಗೆರೆಗೆ ಗೆರೆ ಕೂಡಿಸಬೇಕು. ಗ್ರೀಸ್ ನಿಪ್ಪಲ್ ಇರುವ ಕ್ರಾಸ್ ಆದರೆ ಹೊಳೆ ದಾಟಿದ ಪ್ರತಿ ಪ್ರಯಾಣದ ನಂತರ ಗ್ರೀಸ್ ಗನ್ ಒತ್ತಿ, ನಾಲ್ಕೂ ಬಟ್ಟಲುಗಳ ಅಂಚಿನಿಂದ ಹಳೆಯ ಗ್ರೀಸ್ ಹೊರಬರುವುದನ್ನು ಕಣ್ಣಾರೆ ನೋಡಬೇಕು. ಮೂರರಿಂದ ಬಂದು ಒಂದರಿಂದ ಬಾರದಿದ್ದರೆ ಆ ಒಂದರ ದಾರಿ ಕಟ್ಟಿದೆ. ನನ್ನ ಕ್ರಾಸಿನಲ್ಲಿ ಪುಡಿಯಾಗಿದ್ದದ್ದು ಅಂಥ ಬಟ್ಟಲು. ಮೂರರಿಂದ ಬಂದದ್ದನ್ನು ಕಂಡು ನಾನು ಗನ್ ಎತ್ತಿಟ್ಟಿದ್ದೆ.