ಎದೆಯುರಿಯ ಆಪರೇಷನ್: ಬೌರಿಂಗ್ ಕಾಲದಿಂದ ಕ್ಯಾಮೆರಾ ಕಾಲದವರೆಗೆ

ನಮ್ಮ ಹಳ್ಳಿಗಳಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಏನೇ ಆದರೂ ಅದಕ್ಕೆ ಹೆಸರು ಒಂದೇ, ಗ್ಯಾಸ್ಟ್ರಿಕ್. ಎದೆ ಉರಿದರೂ ಗ್ಯಾಸ್ಟ್ರಿಕ್, ಹುಳಿತೇಗು ಬಂದರೂ ಗ್ಯಾಸ್ಟ್ರಿಕ್, ರಾತ್ರಿ ಮಲಗಿದಾಗ ಗಂಟಲಿಗೆ ಹುಳಿನೀರು ನುಗ್ಗಿದರೂ ಗ್ಯಾಸ್ಟ್ರಿಕ್. ಮೆಡಿಕಲ್ ಸ್ಟೋರಿನಲ್ಲಿ ಒಂದು ಸ್ಟ್ರಿಪ್ ಮಾತ್ರೆ ತಗೊಂಡರೆ ಮುಗೀತು. ಆದರೆ ಮಾಲೂರು, ಬಂಗಾರಪೇಟೆ ಕಡೆಯಿಂದ ರೈಲು ಹತ್ತಿ ಕೆ.ಆರ್.ಪುರದಲ್ಲಿ ಇಳಿದು ದೊಡ್ಡಾಸ್ಪತ್ರೆಗೆ ಹೋದವರಲ್ಲಿ ಕೆಲವರು ‘ಹಯಾಟಸ್ ಹರ್ನಿಯಾ’ ಅಂತ ಬರೆದ ಎಂಡೋಸ್ಕೋಪಿ ಚೀಟಿ ಹಿಡಿದು ವಾಪಸ್ ಬರುತ್ತಾರೆ. ಆಪರೇಷನ್ ಮಾಡಿಸಬೇಕಾ ಬೇಡವಾ ಅನ್ನೋ ಚಿಂತೆ ಅಲ್ಲಿಂದ ಶುರು. ಈ ಆಪರೇಷನ್ ಎಲ್ಲಿಂದ ಬಂತು ಅಂತ ನಾವು ಹುಡುಕಿದ್ದು ಅದಕ್ಕೇ.

ಮೊದಲು ಕಾಯಿಲೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಮಾಂಸದ ಪರದೆ ಇದೆ. ಅದರಲ್ಲಿರುವ ಒಂದು ಕಂಡಿಯಿಂದ ಅನ್ನನಾಳ ಕೆಳಗಿಳಿದು ಜಠರಕ್ಕೆ ಸೇರುತ್ತದೆ. ಕಂಡಿ ಸಡಿಲವಾದರೆ ಜಠರದ ಮೇಲ್ತುದಿ ಎದೆಯೊಳಕ್ಕೆ ಜಾರುತ್ತದೆ. ಕೆಳಗಿನ ಆಮ್ಲವನ್ನು ತಡೆಯುವ ಬಿಗಿ ಹೋಗುತ್ತದೆ.

ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಶುರುವಾದದ್ದು 1868ರಲ್ಲಿ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು ಅದಕ್ಕಿದೆ. ಪ್ಯಾರಿಸ್ಸಿನ ಲಾರಿಬೋಸಿಯೇರ್ ಆಸ್ಪತ್ರೆಯ ಮಾದರಿಯಲ್ಲಿ, ಗಾಳಿ ಬೆಳಕು ಚೆನ್ನಾಗಿ ಆಡುವಂತೆ ಬಿಡಿ ಬಿಡಿ ವಾರ್ಡುಗಳಾಗಿ ಕಟ್ಟಿದರು. ಕ್ರಿಮಿನಾಶಕ ಬಳಸಿ ಆಪರೇಷನ್ ಮಾಡುವ ಕ್ರಮವನ್ನು ಲಿಸ್ಟರ್ ಪ್ರಕಟಿಸಿ ಆಗಿನ್ನೂ ಒಂದೇ ವರ್ಷ. ಹೊಟ್ಟೆ ಕೊಯ್ದರೆ ಕೀವಾಗಿ ಸಾಯುವ ಭಯವೇ ದೊಡ್ಡದಿದ್ದ ಕಾಲ. ಎದೆಯುರಿಗೆ ಚಾಕು ಹಿಡಿಯುವ ಮಾತೇ ಇರಲಿಲ್ಲ. ಎಕ್ಸ್‌ರೇ ಬಂದದ್ದು 1895ರಲ್ಲಿ. ಅದಕ್ಕೂ ಮೊದಲು ಬದುಕಿರುವವರ ಎದೆಯೊಳಗೆ ಜಾರಿದ ಜಠರವನ್ನು ಕಾಣುವ ದಾರಿ ಇರಲಿಲ್ಲ.

ಕಥೆಯ ನಾಯಕ ರುಡಾಲ್ಫ್ ನಿಸ್ಸೆನ್. ಜರ್ಮನಿಯ ಯಹೂದಿ ಸರ್ಜನ್. 1933ರಲ್ಲಿ ಹಿಟ್ಲರನ ಆಡಳಿತ ಬಂದಾಗ ದೇಶ ಬಿಟ್ಟು ಇಸ್ತಾಂಬುಲ್ ಸೇರಿದ. ಅಲ್ಲಿ 1936ರಲ್ಲಿ ಒಬ್ಬ ಯುವಕನ ಅನ್ನನಾಳದ ಹುಣ್ಣಿಗೆ ಆಪರೇಷನ್ ಮಾಡುವಾಗ, ಹೊಲಿಗೆ ಬಿಡಬಾರದೆಂದು ಜಠರದ ಮಡಿಕೆಯನ್ನು ಅನ್ನನಾಳದ ಸುತ್ತ ಸುತ್ತಿದ. ವರ್ಷಗಳಾದ ಮೇಲೆ ನೋಡಿದರೆ ಆ ಮನುಷ್ಯನಿಗೆ ಎದೆಯುರಿಯೇ ಇಲ್ಲ! ಅದನ್ನೇ ನೆನಪಿಟ್ಟುಕೊಂಡು 1955ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಎದೆಯುರಿಗಾಗಿಯೇ ಈ ಸುತ್ತು ಹಾಕಿದ. ತಲೆಗೆ ಟವೆಲ್ ಸುತ್ತಿದ ಹಾಗೆ ಅಂದುಕೊಳ್ಳಿ. ಇಂದಿಗೂ ಇದಕ್ಕೆ ನಿಸ್ಸೆನ್ ಆಪರೇಷನ್ ಎಂದೇ ಹೆಸರು. (ಐನ್‌ಸ್ಟೈನ್‌ನ ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿದಾಗ 1948ರಲ್ಲಿ ಆಪರೇಷನ್ ಮಾಡಿದ್ದೂ ಇವನೇ.)

ಆದರೆ ಹೊಟ್ಟೆ ಉದ್ದಕ್ಕೆ ಸೀಳಬೇಕಿತ್ತು. 1988ರಲ್ಲಿ ಒಮೆಪ್ರಜೋಲ್ ಮಾತ್ರೆ ಬಂದ ಮೇಲೆ ಕೊಯ್ಸಿಕೊಳ್ಳುವ ಅಗತ್ಯ ಬಹಳ ಜನಕ್ಕೆ ತಪ್ಪಿತು. ಅದೇ ಹೊತ್ತಿಗೆ ಕ್ಯಾಮೆರಾ ಬಂತು. 1990ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹ್ಮ್‌ಟನ್ ಉದ್ವಾಡಿಯಾ ಭಾರತದಲ್ಲಿ ಮೊದಲ ಬಾರಿಗೆ ಸಣ್ಣ ತೂತುಗಳ ಮೂಲಕ ಪಿತ್ತಕೋಶ ತೆಗೆದರು. 1991ರಲ್ಲಿ ಬೆಲ್ಜಿಯಂನ ಡಾ. ಬರ್ನಾರ್ಡ್ ದಲಮಾನ್ಯ ನಿಸ್ಸೆನ್ ಸುತ್ತನ್ನೂ ಹಾಗೆಯೇ ಹಾಕಿದ ವರದಿ ಪ್ರಕಟಿಸಿದರು. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ ಮಣಿಪಾಲ್ ಆಸ್ಪತ್ರೆ ಶುರುವಾದದ್ದೂ ಅದೇ ವರ್ಷ. ಮುಂದೆ ಹಲಸೂರು, ಇಂದಿರಾನಗರದ ಸುತ್ತ ಖಾಸಗಿ ಆಸ್ಪತ್ರೆಗಳು ಬೆಳೆಯುತ್ತಾ ಹೋದವು. ಎಲ್ಲರೂ ಸಿಎಂಎಚ್ ರಸ್ತೆ ಅಂತೀವಲ್ಲ, ಅದು ಚಿನ್ಮಯ ಮಿಷನ್ ಆಸ್ಪತ್ರೆಯಿಂದ ಬಂದ ಹೆಸರು. ಈಗ ಎಷ್ಟೋ ಜನಕ್ಕೆ ಅದು ಮೆಟ್ರೋ ಮತ್ತು ಬಟ್ಟೆ ಅಂಗಡಿಗಳ ರಸ್ತೆ ಅಷ್ಟೇ.

ಈಗಿನ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಐದು ಸಣ್ಣ ತೂತು. ಹೊಟ್ಟೆಗೆ ಗ್ಯಾಸ್ ತುಂಬಿ, ಜಠರವನ್ನು ಕೆಳಗೆಳೆದು, ಕಂಡಿಗೆ ಹೊಲಿಗೆ ಹಾಕಿ, ಸುತ್ತು ಹಾಕುತ್ತಾರೆ. ಒಂದೆರಡು ದಿನಕ್ಕೆ ಮನೆಗೆ. ಆದರೆ ಕೆಲವು ವಾರ ಗಂಜಿ, ಮೆತ್ತನೆ ಅನ್ನವೇ ಗತಿ. ಮುದ್ದೆ ನುಂಗುವ ನಮ್ಮ ಕಡೆಯವರಿಗೆ ಇದೇ ಕಷ್ಟ. ಕೆಲವರಿಗೆ ಅನ್ನ ಗಂಟಲಿಳಿಯುವುದು ನಿಧಾನವಾಗುತ್ತದೆ, ತೇಗು ಬಾರದೆ ಹೊಟ್ಟೆ ಉಬ್ಬುತ್ತದೆ.

‘ಆಪರೇಷನ್ ಮಾಡಿಸಿದ್ರೆ ಜನ್ಮಕ್ಕೆ ಮಾತ್ರೆ ಬೇಡ’ ಎಂಬ ಮಾತನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಯೂರೋಪಿನ 554 ರೋಗಿಗಳನ್ನು ಐದು ವರ್ಷ ಗಮನಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಕಾಯಿಲೆ ಹತೋಟಿಯಲ್ಲಿ ಉಳಿದದ್ದು ಮಾತ್ರೆಯವರಲ್ಲಿ ಶೇ. 92, ಆಪರೇಷನ್ ಆದವರಲ್ಲಿ ಶೇ. 85. ಎರಡೂ ಕೆಲಸ ಮಾಡುತ್ತವೆ. ಮಾತ್ರೆಗೆ ಬಗ್ಗದ ಹುಳಿನೀರು, ದೊಡ್ಡ ಹರ್ನಿಯಾ, ವರ್ಷಾನುಗಟ್ಟಲೆ ಮಾತ್ರೆ ಬೇಡವೆನ್ನುವವರು, ಇಂಥವರಿಗೆ ಆಪರೇಷನ್ ವಿಚಾರ ಸರಿ. ಅದಕ್ಕೂ ಮೊದಲು ಎಂಡೋಸ್ಕೋಪಿ, ಅನ್ನನಾಳದ ಒತ್ತಡ ಅಳೆಯುವ ಪರೀಕ್ಷೆ, ಬೇಕಾದರೆ 24 ಗಂಟೆ ಆಮ್ಲ ಅಳೆಯುವ ಪರೀಕ್ಷೆ ಆಗಬೇಕು. ಇನ್ನೊಂದು: ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ತೋಳಿಗೆ ಹರಿದರೆ, ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕೂರಬೇಡಿ. ತಕ್ಷಣ ಇಸಿಜಿ ಮಾಡಿಸಿ.

ಬೌರಿಂಗ್ ಈಗ ಅಟಲ್ ಬಿಹಾರಿ ವಾಜಪೇಯಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಖಾಸಗಿ ಆಸ್ಪತ್ರೆಗೆ ದುಡ್ಡು ಕಟ್ಟುವ ಮೊದಲು ರೇಷನ್ ಕಾರ್ಡು, ಆಧಾರ್, ಎಂಡೋಸ್ಕೋಪಿ ಚೀಟಿ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿನ ಆರೋಗ್ಯ ಮಿತ್ರರನ್ನು ನಿಮ್ಮ ಆಪರೇಷನ್ನಿಗೆ ಯೋಜನೆ ಅನ್ವಯಿಸುತ್ತದೆಯೇ, ರೆಫರಲ್ ಪತ್ರ ಬೇಕೇ ಎಂದು ಕೇಳಿ.