ಸಾಲಿಯ ಉರ್ದು, ಮನೆಯ ಕನ್ನಡ: ನಿಜಾಮರ ಕಾಲದ ರಾಯಚೂರು ಸೀಮೆಯ ಬಾಲ್ಯ

ನಿಜಾಮರ ಆಳ್ವಿಕೆಯಲ್ಲಿ ಕನ್ನಡವನ್ನು ನಿಷೇಧಿಸಲಾಗಿತ್ತು ಎಂಬ ಮಾತು ವಿಮೋಚನಾ ದಿನದ ಭಾಷಣಗಳಲ್ಲಿ ಸಲೀಸಾಗಿ ಬರುತ್ತದೆ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂಥ ಊರಿನ ಮಗುವಿನ ಕಡೆಯಿಂದ ನೋಡಿದರೆ ಅದು ಪೂರ್ತಿ ನಿಲ್ಲುವುದಿಲ್ಲ. ಮನೆ, ಹೊಲ, ಸಂತೆಗಳಲ್ಲಿ ಕನ್ನಡವೇ ಇತ್ತು. ಐಗಳ ಸಾಲಿಯ ಓನಾಮವೂ ಕನ್ನಡದ್ದೇ. ಮಾನ್ವಿಯ ಜಗನ್ನಾಥದಾಸರ ಪದಗಳನ್ನು ಭಜನೆಯಲ್ಲಿ ಹಾಡಬೇಡಿ ಎಂದು ಯಾವ ಅಮಲ್ದಾರನೂ ತಡೆಯಲಿಲ್ಲ. ತೊಡಕಿದ್ದದ್ದು ಮುಂದಿನ ಓದಿನಲ್ಲಿ. 1884ರ ಹೊತ್ತಿಗೆ ಪಾರಸಿಯ ಜಾಗದಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು. ಪ್ರಾಥಮಿಕ ಹಂತ ದಾಟಿದ ಓದು, ಕಚೇರಿ, ನ್ಯಾಯಾಲಯ ಎಲ್ಲವೂ ಅದರಲ್ಲೇ. 1931ರ ಜನಗಣತಿಯಂತೆ ಸಂಸ್ಥಾನದಲ್ಲಿ ಕನ್ನಡಿಗರು ಸುಮಾರು 16 ಲಕ್ಷ, ನೂರಕ್ಕೆ ಹನ್ನೊಂದು. ಉರ್ದುವಿನವರು ಅದಕ್ಕಿಂತ ತುಸು ಕಡಿಮೆಯೇ.

ತಾಯ್ನುಡಿಯನ್ನು ಸಾಲಿಯಲ್ಲಿ ನೇರವಾಗಿ ತಡೆಸಿಕೊಂಡ ಪೋಲೆಂಡಿನ ಮಕ್ಕಳ ಕಥೆ ಬೇರೆ. ಪ್ರಶ್ಯದ ಹಿಡಿತದಲ್ಲಿದ್ದ ವ್ರೆಶ್ನ್ಯಾ ಊರಿನಲ್ಲಿ, 1901ರಲ್ಲಿ, ಧರ್ಮಪಾಠಕ್ಕೆ ಜರ್ಮನ್ ಭಾಷೆಯಲ್ಲಿ ಉತ್ತರಿಸಲೊಪ್ಪದ ಮಕ್ಕಳಿಗೆ ಬೆತ್ತದ ಏಟು ಬಿದ್ದವು. ಅಲ್ಲಿ ದಮನ ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದ ಪ್ರತಿಭಟನೆಗೂ ಒಂದು ಗುರಿ ಸಿಕ್ಕಿತು. ನಮ್ಮಲ್ಲಿ ಕನ್ನಡವನ್ನು ಬಾಯಿಂದ ಕಿತ್ತುಕೊಳ್ಳಲಿಲ್ಲ, ಮಗುವಿನ ಭವಿಷ್ಯದಿಂದ ಹೊರಗಿಟ್ಟರು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಇಂಗ್ಲಿಷನ್ನು ಬಿಟ್ಟು ಉರ್ದುವೆಂಬ ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟಿತೆಂದು ದೇಶವೇ ಮೆಚ್ಚಿತು. ಆ ಮೆಚ್ಚುಗೆ ಅನ್ಯಾಯದ್ದೇನಲ್ಲ. ಆದರೆ ರಾಯಚೂರಿನ ಹುಡುಗನಿಗೆ ಆ ದೇಶಭಾಷೆ ಇಂಗ್ಲಿಷಿನಷ್ಟೇ ದುಡಿದು ಕಲಿಯಬೇಕಾದದ್ದು.

ಖಾಸಗಿ ಸಾಲಿ ತೆರೆಯಲು, ಸಭೆ ಸೇರಿಸಲು ಸರ್ಕಾರದ ಪರವಾನಗಿ ಬೇಕಿತ್ತು. ಅಂಥ ವಾತಾವರಣದಲ್ಲೇ ಪಂಡಿತ ತಾರಾನಾಥರು 1920ರ ಸುಮಾರಿಗೆ ರಾಯಚೂರಿನಲ್ಲಿ ರಾಷ್ಟ್ರೀಯ ಶಾಲೆಯೊಂದನ್ನು ಕಟ್ಟಿ ‘ಹಮ್‌ದರ್ದ್’ ಎಂದು ಉರ್ದು ಹೆಸರನ್ನೇ ಇಟ್ಟರು. ದ್ವೇಷದಿಂದ ಹುಟ್ಟಿದ ಶಾಲೆಗೆ ಇಂಥ ಹೆಸರು ಬರುವುದಿಲ್ಲ. 1934ರಲ್ಲಿ ಸಾಹಿತ್ಯ ಸಮ್ಮೇಳನ ರಾಯಚೂರಿಗೆ ಬಂದಾಗ ಅಧ್ಯಕ್ಷರಾಗಿದ್ದವರು ಪಂಜೆ ಮಂಗೇಶರಾಯರು. ಕನ್ನಡದ ಮಕ್ಕಳಿಗೆ ಹಾಡು ಕಟ್ಟಿಕೊಟ್ಟ ಕವಿ, ಕನ್ನಡದ ಓದು ಅರ್ಧಕ್ಕೇ ನಿಲ್ಲುತ್ತಿದ್ದ ನೆಲಕ್ಕೆ ಬಂದದ್ದನ್ನು ನಮ್ಮ ಸಮ್ಮೇಳನಗಳ ಚರಿತ್ರೆ ಇನ್ನಷ್ಟು ಗಮನಿಸಬೇಕಿತ್ತು.

1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಉಸ್ಮಾನಿಯಾದಿಂದ ಹೊರಬಿದ್ದ ವಿದ್ಯಾರ್ಥಿಗಳಲ್ಲಿ ಹಲವರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಆ ಪ್ರಸಂಗವೇ ಈ ಕಾಲದ ಪೂರ್ತಿ ಚಿತ್ರವೆಂದುಕೊಂಡರೆ ಶಾಂತರಸರನ್ನು ಎಲ್ಲಿಡುವುದು? 1924ರಲ್ಲಿ ರಾಯಚೂರು ಜಿಲ್ಲೆಯ ಹೆಂಬೆರಾಳದಲ್ಲಿ ಹುಟ್ಟಿದ ಅವರು ಕನ್ನಡದ ಕಟ್ಟಾಳು. ಉರ್ದುವಿನ ಗಜಲನ್ನು ಕನ್ನಡಕ್ಕೆ ತಂದವರೂ ಅವರೇ. ಹೇರಿದ ಭಾಷೆಯನ್ನು ಅವರ ಪೀಳಿಗೆ ದೊರೆಯಿಂದ ಬೇರ್ಪಡಿಸಿ ತನ್ನದಾಗಿಸಿಕೊಂಡಿತು. ಉರ್ದು ಪಕ್ಕದ ಓಣಿಯ ಮಾತೂ ಆಗಿದ್ದರಿಂದ ಇದು ಸಾಧ್ಯವಾಯಿತೆಂದು ನನ್ನ ಊಹೆ.

1948ರ ಸೆಪ್ಟೆಂಬರ್‌ನಲ್ಲಿ ಆಳ್ವಿಕೆ ಮುಗಿದು, 1956ರಲ್ಲಿ ರಾಯಚೂರು ಕನ್ನಡ ರಾಜ್ಯ ಸೇರಿದಾಗ, ಉರ್ದುವಿನಲ್ಲಿ ಓದಿದ ಕನ್ನಡಿಗರೇ ಕನ್ನಡದ ಕಡತ ಬರೆಯಬೇಕಾಯಿತು. ಹಿಂದಿನ ದಫ್ತರಗಳು ಉರ್ದುವಿನಲ್ಲಿವೆ. ಆ ಲಿಪಿ ಬಾರದೆ ಈ ಸೀಮೆಯ ಚರಿತ್ರೆ ಬರೆಯುವವರು ಕನ್ನಡಿಗರ ಅಹವಾಲುಗಳನ್ನೇ ಓದಲಾರರು.